ದತ್ತು ಬಂದ ಹೂವು, ಕದ್ದು ತಂದ ಹೂವು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಯಾರಾದರೂ ಕಿಟಕಿಯಲ್ಲಿ ಒಂದು ಆರ್ಕಿಡ್ಡನ್ನೋ ಆಫ್ರಿಕನ್ ವಯೊಲೆಟ್ಟನ್ನೋ ಇಟ್ಟರೆ ಸಾಕು, ನೋಡಿದವರು ತಕರಾರು ತೆಗೆಯುತ್ತಾರೆ. ಇದು ಪರದೇಶಿ ಗಿಡ, ನಮ್ಮ ನೆಲದ್ದಲ್ಲ ಎಂಬುದು ಒಂದು. ದೇವರಿಗೆ ಏರಿಸುವ ಹಾಗಿಲ್ಲ, ಮುಡಿಯುವ ಹಾಗೂ ಇಲ್ಲ, ಇಂಥ ಹೂವಿನಿಂದ ಏನು ಉಪಯೋಗ ಎಂಬುದು ಇನ್ನೊಂದು. ಕುಡಿಯುವ ನೀರಿಗೇ ಪರದಾಡುವ ಊರಲ್ಲಿ ಇದು ಸಾಹುಕಾರರ ಶೋಕಿ ಎಂಬುದು ಮೂರನೆಯದು. ಕೊನೆಗೆ ಒಂದು ಪುಕ್ಕಟೆ ಸಲಹೆಯೂ ಸಿಗುತ್ತದೆ: "ಅಷ್ಟು ಹುಚ್ಚು ಇದ್ರ ನಮ್ಮ ಕಾಡಿನ ಸೀತಾಳೆ ತಂದು ಕಟ್ರಿ, ದಾಂಡೇಲಿ ಕಡೆ ಬೇಕಾದಷ್ಟು ಸಿಗ್ತಾವ."

ಮೊದಲ ಮೂರು ತಕರಾರುಗಳು ಹುರುಳಿಲ್ಲದವು. ನಾಲ್ಕನೆಯ ಸಲಹೆ ಮಾತ್ರ ಅಪಾಯದ್ದು, ಮತ್ತು ಅದು ದೇಸಿತನದ ಹೆಸರಿನಲ್ಲಿ ಬರುತ್ತದೆ ಎಂಬುದೇ ಈ ಬರಹಕ್ಕೆ ಕಾರಣ.

ಪರದೇಶಿ ಎಂಬ ಮಾತನ್ನು ಮೊದಲು ನೋಡೋಣ. ಈ ಮಾತು ಹೇಳುವವರ ಮಧ್ಯಾಹ್ನದ ಗಂಗಾಳದಲ್ಲಿ ಏನಿದೆ? ಜೋಳದ ರೊಟ್ಟಿ. ಜೋಳ ಮೊದಲು ಬೆಳೆಯಾದದ್ದು ಆಫ್ರಿಕಾದ ಈಶಾನ್ಯ ಭಾಗದಲ್ಲಿ. ರೊಟ್ಟಿಯ ಜೊತೆಗಿನ ಕೆಂಪು ಖಾರ, ಶೇಂಗಾ ಚಟ್ನಿ, ಟೊಮೆಟೊ ಸಾರು ಎಲ್ಲದರ ಮೂಲವೂ ಅಮೆರಿಕ ಖಂಡಗಳು. ದಸರೆಗೆ ಬಾಗಿಲಿಗೆ ಕಟ್ಟುವ ಚೆಂಡುಹೂವು ಮೆಕ್ಸಿಕೋದ ಕಡೆಯದು. ಇವೆಲ್ಲ ನಮ್ಮವಾದದ್ದು ಹುಟ್ಟಿನಿಂದಲ್ಲ. ಬಿತ್ತಿ, ನೀರುಣಿಸಿ, ಉಂಡು, ಹಾಡಿ ನಾವು ಅವನ್ನು ನಮ್ಮವಾಗಿ ಮಾಡಿಕೊಂಡೆವು. ಆಫ್ರಿಕನ್ ವಯೊಲೆಟ್ ಬಂದದ್ದೂ ಜೋಳದ ಖಂಡದಿಂದಲೇ. ಎರೆಹೊಲದಲ್ಲಿ ಜೋಳಕ್ಕೆ ಜಾಗ ಕೊಟ್ಟವರು ಕಿಟಕಿಯಲ್ಲಿ ಅಂಗೈಯಗಲದ ಒಂದು ಗಿಡಕ್ಕೆ ಜಾಗ ಇಲ್ಲವೆನ್ನುವುದು ಯಾವ ನ್ಯಾಯ?

ಕಿತ್ತೂರಿನ ಹೆಸರು ಹೇಳಿ ಸ್ವಾಭಿಮಾನದ ಮಾತಾಡುವವರಿಗೆ ಕಿತ್ತೂರಿನದೇ ಕತೆ ನೆನಪಿಸಬೇಕು. 1824ರಲ್ಲಿ ಚೆನ್ನಮ್ಮ ಕಂಪನಿಗೆ ಎದುರು ನಿಂತದ್ದು ಯಾವ ಪ್ರಶ್ನೆಗೆ? ಕಿತ್ತೂರು ಸಂಸ್ಥಾನಕ್ಕೆ ದತ್ತು ಬಂದ ಮಗು ವಾರಸುದಾರನಾಗಲಾರದು ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಪಟ್ಟು ಹಿಡಿದದ್ದಕ್ಕೆ. ದತ್ತು ಬಂದವನೂ ಮನೆಯ ಮಗನೇ ಎಂದು ಯುದ್ಧ ಮಾಡಿದ ನೆಲ ಇದು. ಆಕೆಯ ಸಮಾಧಿ ಇರುವ ಬೈಲಹೊಂಗಲದಲ್ಲಿ ನಿಂತು ಹುಟ್ಟಿದ ಊರು ಕೇಳಿ ಹೂವಿಗೆ ಬಾಗಿಲು ಹಾಕುವುದು, ಗೊತ್ತಿಲ್ಲದೆ, ಥ್ಯಾಕರೆಯ ಪಕ್ಷ ಸೇರಿದಂತೆ.

ಇನ್ನು ನೀರು ಮತ್ತು ಶೋಕಿಯ ಮಾತು. ವಯೊಲೆಟ್ಟಿನ ಒಂದು ಕುಂಡ ವಾರಕ್ಕೆ ಒಂದೆರಡು ಲೋಟ ನೀರು ಕುಡಿದರೆ ಹೆಚ್ಚು. ಅಂಗಳಕ್ಕೆ ಪೈಪು ಹಿಡಿದು ಧೂಳು ಅಡಗಿಸುವವರು ಈ ಲೆಕ್ಕ ಕೇಳಬಾರದು. ಹಳೆಯ ಪಾಲಿಯೆಸ್ಟರ್ ಸೀರೆಯ ಅಂಚು ಹರಿದು ಬತ್ತಿ ಮಾಡಿ, ಕುಂಡದ ತೂತಿನಿಂದ ಕೆಳಗಿನ ನೀರಿನ ಡಬ್ಬಿಗೆ ಇಳಿಬಿಟ್ಟರೆ ಗಿಡ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಇದಕ್ಕೆ ಆಗಿಬರುವುದಿಲ್ಲ, ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಮಳೆಗಾಲದಲ್ಲಿ ಮಾಳಿಗೆಯಿಂದ ಇಳಿಯುವ ನೀರನ್ನು ನಾಲ್ಕು ಕೊಡ ಹಿಡಿದಿಟ್ಟರೆ ಬಹಳ ದಿನ ಬರುತ್ತದೆ. ತಣ್ಣೀರು ಎಲೆಯ ಮೇಲೆ ಬಿದ್ದರೆ ಕಲೆಯಾಗುತ್ತದೆ, ಆದ್ದರಿಂದ ಬುಡಕ್ಕೇ ಹಾಕಬೇಕು. ಪೂರ್ವದ ಅಥವಾ ಉತ್ತರದ ಕಿಟಕಿ ಒಳ್ಳೆಯದು. ಚೈತ್ರ ವೈಶಾಖದ ಬಿಸಿಲಿಗೆ ಹೊಸ ಆರ್‌ಸಿಸಿ ಮನೆಗಳು ಕಾದ ಹಂಚಾಗುತ್ತವೆ. ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆ ಇದ್ದವರು ಪುಣ್ಯವಂತರು, ಅಲ್ಲಿನ ಕಿಟಕಿಯ ಆಳವಾದ ಕಟ್ಟೆಯ ಮೇಲೆ ಬೆಳಕು ಸಿಗುತ್ತದೆ, ಉರಿ ತಾಗುವುದಿಲ್ಲ.

ಖರ್ಚಿನ ಮಾತಿಗೂ ಉತ್ತರ ಗಿಡದಲ್ಲೇ ಇದೆ. ವಯೊಲೆಟ್ಟಿನ ಒಂದು ಎಲೆಯನ್ನು ತೊಟ್ಟಿನ ಸಮೇತ ಮುರಿದು, ಮರಳು ಬೆರೆಸಿದ ತೆಂಗಿನ ನಾರಿನ ಪುಡಿಯಲ್ಲಿ ಊರಿದರೆ ಎರಡು ಮೂರು ತಿಂಗಳಲ್ಲಿ ಬುಡದಲ್ಲಿ ಮರಿಗಳೇಳುತ್ತವೆ. ಒಬ್ಬರು ಕೊಂಡರೆ ಇಡೀ ಓಣಿಗೆ ಹಂಚಬಹುದು. ಸಾಹುಕಾರರ ಶೋಕಿ ಹೀಗೆ ಮನೆಮನೆಗೆ ಕೈಬದಲಾಗುವುದಿಲ್ಲ. ದೇವರಿಗೂ ಮುಡಿಗೂ ಇಲ್ಲದ ಹೂವು ಯಾಕೆ ಎನ್ನುವವರಿಗೆ ಒಂದೇ ಪ್ರಶ್ನೆ: ದಿನವಿಡೀ ಅಡುಗೆಮನೆಯ ಕಿಟಕಿಯ ಎದುರು ನಿಲ್ಲುವ ಹೆಣ್ಣುಮಗಳು ತನ್ನ ಕಣ್ಣಿಗಾಗಿ ಒಂದು ಹೂವು ಇಟ್ಟುಕೊಂಡರೆ ಅದು ಉಪಯೋಗದ ಲೆಕ್ಕಕ್ಕೆ ಬರುವುದಿಲ್ಲವೆ?

ಈಗ ಆ ಸಲಹೆಗೆ ಬರೋಣ. ಕಿತ್ತೂರಿನಿಂದ ಪಶ್ಚಿಮಕ್ಕೆ ಹೊರಟರೆ ಖಾನಾಪುರದ ಕಾಡು, ಅಳ್ನಾವರ ದಾಟಿದರೆ ದಾಂಡೇಲಿ. ಮುಂಗಾರಿನ ಹೊತ್ತಿಗೆ ಅಲ್ಲಿನ ಮರಗಳಲ್ಲಿ ಸೀತಾಳೆ ದಂಡೆ ನರಿಯ ಬಾಲದಂತೆ ಗುಲಾಬಿ ಬಿಳಿ ಹೂಗೊಂಚಲು ಇಳಿಬಿಡುತ್ತದೆ. ಇದೂ ಆರ್ಕಿಡ್ಡೇ. ಇದನ್ನು ಬಂದಳಿಕೆ ಎಂದು ತಿಳಿದು ಕಿತ್ತರೆ ಮರಕ್ಕೆ ಉಪಕಾರ ಎನ್ನುವವರಿದ್ದಾರೆ. ಅದು ತಪ್ಪು. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆ ಮರದ ಮೇಲೆ ಕೂರುತ್ತದೆ ಅಷ್ಟೆ. ಅದರ ಬೇರಿಗೆ ಸ್ಪಂಜಿನಂಥ ಹೊದಿಕೆಯಿದೆ, ಮಳೆ ಮತ್ತು ಮಂಜಿನ ನೀರನ್ನು ಅದರಿಂದಲೇ ಹಿಡಿದುಕೊಳ್ಳುತ್ತದೆ.

ಆರ್ಕಿಡ್ಡಿನ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯೇ ಇಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರವೊಂದು ಸಿಕ್ಕು ಉಣಿಸಿದರೆ ಮಾತ್ರ ಮೊಳಕೆ. ಆಮೇಲೆ ಹೂವು ಕಾಣಲು ವರ್ಷಗಳೇ ಬೇಕು. ಅಂಥದ್ದನ್ನು ಕಿತ್ತು, ಬೇರು ಹರಿದು, ಸವದತ್ತಿಯ ಒಣಗಾಳಿಗೆ ತಂದು ಕಟ್ಟಿದರೆ ಬಹುತೇಕ ಸಾಯುತ್ತದೆ. ಸತ್ತದ್ದು ಒಂದು ಗಿಡ, ಖಾಲಿಯಾದದ್ದು ಕಾಡಿನ ಒಂದು ಕೊಂಬೆ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ ಕೂಡ. "ನಮ್ಮದು" ಎಂಬ ಪ್ರೀತಿಯ ಹೆಸರಿನಲ್ಲಿ ನಡೆಯುವ ಈ ಕೆಲಸಕ್ಕೆ ಕಳ್ಳತನ ಎಂಬ ಹೆಸರೇ ಸರಿ.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಆರ್ಕಿಡ್ ಹುಚ್ಚು ಮಾಡಿದ್ದೂ ಇದನ್ನೇ. ಗಿಡ ಕೈಗೆ ಸಿಗಲೆಂದು ಮರಗಳನ್ನೇ ಉರುಳಿಸಿದರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಯಿಸಿ ತೋರಿಸಿದ ಮೇಲೆ, ಕಾಡಿಗೆ ಕೈ ಹಾಕದೆ ಆರ್ಕಿಡ್ ಬೆಳೆಸುವ ದಾರಿ ತೆರೆಯಿತು. ಈಗ ನರ್ಸರಿಗಳಲ್ಲಿ ಸಿಗುವ ಚಿಟ್ಟೆಯಾಕಾರದ ಫಲೆನಾಪ್ಸಿಸ್ ತಳಿಗಳು ಪ್ರಯೋಗಶಾಲೆಯ ಸೀಸೆಯಲ್ಲಿ ಹುಟ್ಟಿದವು. ಅವುಗಳಿಗಾಗಿ ಯಾವ ಮರವೂ ಬೋಳಾಗಿಲ್ಲ. ಅವಕ್ಕೆ ಹೊಸ ಹೂಗೊಂಚಲು ಏಳಲು ಕೆಲವು ವಾರ ತಂಪು ರಾತ್ರಿಗಳು ಬೇಕು. ನಮ್ಮ ಚಳಿಗಾಲ ಅದನ್ನು ಪುಕ್ಕಟೆ ಕೊಡುತ್ತದೆ.

ಹಾಗೆಂದು ಕೊಂಡವರೆಲ್ಲ ಪುಣ್ಯವಂತರಲ್ಲ. ಹೂವು ಉದುರಿದ ಕೂಡಲೆ ಆರ್ಕಿಡ್ಡನ್ನು ತಿಪ್ಪೆಗೆ ಎಸೆಯುವವರು ದತ್ತು ತಂದ ಮಗುವನ್ನು ಹಬ್ಬ ಮುಗಿದ ಮೇಲೆ ಬೀದಿಗೆ ಬಿಟ್ಟ ಹಾಗೆ. ವಯೊಲೆಟ್ಟಿನ ಕತೆಯೂ ಇಲ್ಲಿ ಪಾಠ. ಇಂದಿನ ಟಾಂಜಾನಿಯಾದ ಉಸಂಬರಾ ಬೆಟ್ಟಗಳಿಂದ ಜರ್ಮನ್ ವಸಾಹತಿನ ಅಧಿಕಾರಿ ಸೇಂಟ್ ಪಾಲ್ ಅದನ್ನು ತನ್ನ ದೇಶಕ್ಕೆ ಕಳಿಸಿದ. 1893ರಲ್ಲಿ ಸಸ್ಯಶಾಸ್ತ್ರಜ್ಞ ವೆಂಡ್‌ಲಂಡ್ ಅಧಿಕಾರಿಯ ಹೆಸರನ್ನೇ ಸೇರಿಸಿ ಸೇಂಟ್‌ಪೌಲಿಯಾ ಎಂದು ಕರೆದ. ಇಂದು ಲೋಕದ ಕಿಟಕಿಗಳಲ್ಲೆಲ್ಲ ಅದಿದೆ, ತವರಿನ ಕಾಡಿನಲ್ಲಿ ಮಾತ್ರ ಕಾಡುತಳಿಗಳ ನೆಲೆ ಕುಗ್ಗುತ್ತಿದೆ. ಕಿಟಕಿಯಲ್ಲಿ ಹೂವು ಅರಳಿದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ.

ಆದ್ದರಿಂದ ಓದುವ ಮಕ್ಕಳಿಗೆ, ಹೂವಿನ ಮೋಹ ಇರುವವರಿಗೆ ಒಂದು ಮಾತು. ಗಿಡ ಕೊಳ್ಳುವಾಗ ಯಾವ ದೇಶದ್ದು ಎಂದು ಕೇಳಬೇಡಿ. ಕಾಡಿನಿಂದ ಕಿತ್ತದ್ದೋ, ನರ್ಸರಿಯಲ್ಲಿ ಬೆಳೆದದ್ದೋ ಎಂದು ಕೇಳಿ. ಮಾರುವವರು ತಡವರಿಸಿದರೆ ಕೊಳ್ಳಬೇಡಿ. ಸೀತಾಳೆ ನೋಡುವ ಆಸೆಯಾದರೆ ಮುಂಗಾರಿನ ಹೊತ್ತಿಗೆ ದಾಂಡೇಲಿ ಕಡೆಯ ಬಸ್ಸು ಹತ್ತಿ, ಮರದ ಕೆಳಗೆ ನಿಂತು, ತಲೆಯೆತ್ತಿ ನೋಡಿ ಬನ್ನಿ.