ಪೆಟ್ರೋಲಿನ ರೆಗ್ಯುಲೇಟರು: ಮಾಡತಕ್ಕುದೋ, ಕೊಳ್ಳತಕ್ಕುದೋ?

ಪೆಟ್ರೋಲು ಗಾಡಿಯ ಇಂಧನದ ಒತ್ತಡವನ್ನು ಹದದಲ್ಲಿರಿಸುವ ರೆಗ್ಯುಲೇಟರನ್ನೂ ಅದಕ್ಕೆ ಬೇಕಾದ ಹೋಸು, ಗೇಜು, ಕ್ಲಾಂಪುಗಳ ಕಿಟ್ಟನ್ನೂ ಪೇಟೆಯಿಂದ ಕೊಳ್ಳುವುದಕ್ಕಿಂತ ಸ್ವಂತವಾಗಿ ಮಾಡಿಕೊಳ್ಳುವುದೇ ಲೇಸೆಂಬ ಮಾತು ಹಳೆಯ ಗಾಡಿಗಳ ಮೋಹವುಳ್ಳ ತರುಣರಲ್ಲಿ ಕೇಳಿಬರುವುದುಂಟು. ಬೈಂದೂರಿನಿಂದ ಬ್ರಹ್ಮಾವರದ ವರೆಗಿನ ಹೆದ್ದಾರಿಯ ಮಗ್ಗುಲಲ್ಲಿ ಲೇತಿಗೂ ವೆಲ್ಡಿಂಗಿಗೂ ಕೊರತೆಯಿಲ್ಲ. ಕೈಚಳಕವುಳ್ಳ ಕೆಲಸಗಾರರಿಗಂತೂ ಕೊರತೆಯೇ ಇಲ್ಲ. ಹಾಗಿರಲು ಅಂಗೈಯಲ್ಲಿ ಹಿಡಿಸುವ ಒಂದು ಲೋಹದ ಡಬ್ಬಿಗಾಗಿ ಪರವೂರಿನವರಿಗೆ ಹಣ ತೆರುವುದೇಕೆಂದು ಅವರು ಕೇಳುತ್ತಾರೆ. ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರವು ಸಣ್ಣದಲ್ಲ. ಏತಕ್ಕೆಂದರೆ, ಇದು ಗಾಡಿಯಲ್ಲಿ ಕುಳಿತ ಹೆಂಗಸರು ಮಕ್ಕಳ ಪ್ರಾಣಕ್ಕೂ, ಸ್ವಾವಲಂಬನೆಯೆಂಬ ತತ್ತ್ವದ ಮಾನಕ್ಕೂ ಸಂಬಂಧಪಟ್ಟ ವಿಷಯವಾಗಿದೆ.

ತರುಣರ ಪಕ್ಷದಲ್ಲಿ ಹೇಳತಕ್ಕ ಮಾತುಗಳು ಇಲ್ಲದಿಲ್ಲ. ಗಂಗೊಳ್ಳಿ, ಮರವಂತೆಗಳ ಮೀನುಗಾರರು ಕೆಟ್ಟ ಇಂಜಿನನ್ನು ಮರಳಿನ ಮೇಲೆಯೇ ಬಿಚ್ಚಿ ಮರಳಿ ಕೂಡಿಸುವುದನ್ನು ಕಂಡವರು, ನಮ್ಮವರ ಕೈಗೆ ಬುದ್ಧಿಯಿಲ್ಲವೆಂದು ಹೇಳಲಾರರು. 1939ರಿಂದ 1945ರ ವರೆಗಿನ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನು ಬಂದಾಗ, ದೇಶದಲ್ಲೆಲ್ಲ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿ ಅದರ ಗ್ಯಾಸಿನಿಂದಲೇ ಓಡಿಸಿದರು. ಅಂಥ ಒಲೆಗಳನ್ನು ಬಡಿದು ಕೂಡಿಸಿದವರಲ್ಲಿ ಊರ ಕಮ್ಮಾರರೂ ತಗಡಿನ ಕೆಲಸದವರೂ ಇದ್ದರು. “ಅಜ್ಜಂದಿರು ಇಡೀ ಗ್ಯಾಸಿನ ಯಂತ್ರವನ್ನೇ ಮಾಡಿದರು, ಮೊಮ್ಮಕ್ಕಳು ಒಂದು ರೆಗ್ಯುಲೇಟರನ್ನು ಮಾಡಲಾರರೇ?” ಎಂಬ ವಾದವು ಕೇಳುವುದಕ್ಕೆ ಇಂಪಾಗಿದೆ. ಆದರೆ ಕಿವಿಗೆ ಇಂಪಾದುದೆಲ್ಲ ವಿಚಾರದ ಒರೆಗಲ್ಲಿಗೆ ನಿಲ್ಲತಕ್ಕುದಲ್ಲ.

ಮೊದಲು ಈ ವಸ್ತುವಿನ ಸ್ವರೂಪವನ್ನು ನೋಡೋಣ. ಇಂಜೆಕ್ಷನ್ ಪದ್ಧತಿಯ ಗಾಡಿಗಳಲ್ಲಿ ಪಂಪು ಪೆಟ್ರೋಲನ್ನು ರಭಸದಿಂದ ನೂಕುತ್ತದೆ. ರೆಗ್ಯುಲೇಟರಿನೊಳಗೆ ಒಂದು ತೆಳುವಾದ ರಬ್ಬರಿನ ಪೊರೆ, ಅದನ್ನು ಒತ್ತಿ ಹಿಡಿಯುವ ಒಂದು ಸ್ಪ್ರಿಂಗು, ಅವುಗಳಿಗೆ ಅಧೀನವಾದ ಒಂದು ವಾಲ್ವು, ಇಷ್ಟೇ ಇರುವುದು. ಒತ್ತಡವು ಮಿತಿಮೀರಿದೊಡನೆ ಪೊರೆಯು ಹಿಂಜರಿದು ವಾಲ್ವು ತೆರೆಯುತ್ತದೆ. ಹೆಚ್ಚಾದ ಪೆಟ್ರೋಲು ಟಾಂಕಿಗೆ ಹಿಂದಿರುಗುತ್ತದೆ. ಇಂಜಿನಿನ ಶ್ವಾಸನಾಳದಿಂದ ಬರುವ ಒಂದು ಸಣ್ಣ ನಳಿಗೆಯು, ಇಂಜಿನಿನ ಹೊರೆಗೆ ತಕ್ಕಂತೆ ಆ ಮಿತಿಯನ್ನು ಏರಿಸಿ ಇಳಿಸುತ್ತದೆ. ಇಂಥ ಗಾಡಿಗಳಲ್ಲಿ ಸಾಮಾನ್ಯವಾದ ಒತ್ತಡವು ಸುಮಾರು 3 ಬಾರು. ಎಂದರೆ 30 ಮೀಟರು ಎತ್ತರದಲ್ಲಿರಿಸಿದ ನೀರಿನ ತೊಟ್ಟಿಯ ಬುಡದಲ್ಲಿ ಇರುವಷ್ಟು. ನಮ್ಮ ತೋಟದ ತೆಂಗಿನ ಮರಗಳು ಅಷ್ಟು ಎತ್ತರ ಬೆಳೆಯುವುದೇ ಅಪರೂಪ. ಈ ಒತ್ತಡವು ಏರಿದರೆ ಗಾಡಿಯು ಕಪ್ಪು ಹೊಗೆಯನ್ನು ಕಾರಿ ಎಣ್ಣೆಯನ್ನು ನುಂಗುತ್ತದೆ. ಇಳಿದರೆ ಇಂಜಿನು ಬಡಿದುಕೊಂಡು ಕಾಯುತ್ತದೆ. ಪೊರೆಯು ಹರಿದರೆ ಹಸಿ ಪೆಟ್ರೋಲು ಶ್ವಾಸನಾಳದೊಳಕ್ಕೇ ನುಗ್ಗುತ್ತದೆ. ಹೋಸು ಬಿರಿದರೆ ಕಾದ ಇಂಜಿನಿನ ಮೇಲೆ ಪೆಟ್ರೋಲು ತುಂತುರಾಗಿ ಸಿಡಿಯುತ್ತದೆ. ಮುಂದಿನದನ್ನು ನಾವು ಬರೆಯಬೇಕಾದುದಿಲ್ಲ.

ಇದ್ದಿಲಿನ ಗ್ಯಾಸಿಗೂ ಈ ಪೆಟ್ರೋಲಿಗೂ ಇರುವ ಭೇದವು ಇಲ್ಲಿಯೇ ಇದೆ. ಆ ಗ್ಯಾಸನ್ನು ಇಂಜಿನು ತನ್ನ ಉಸಿರಿನಿಂದ ಎಳೆದುಕೊಳ್ಳುತ್ತಿತ್ತು. ಓಡುವಾಗ ನಳಿಗೆಯಲ್ಲಿ ಸಣ್ಣ ತೂತು ಬಿದ್ದರೆ ಹೊರಗಿನ ಗಾಳಿ ಒಳಕ್ಕೆ ಹೋಗಿ ಬಸ್ಸು ಏದುಸಿರು ಬಿಡುತ್ತಿತ್ತೇ ಹೊರತು, ಬೆಂಕಿಯು ಹೊರಕ್ಕೆ ಸಿಡಿಯುತ್ತಿರಲಿಲ್ಲ. ಅದರಲ್ಲಿಯೂ ವಿಷವಾಯುವಿನ ಅಪಾಯವಿತ್ತು, ನಿಜ. ಆದರೆ ಕೆಲಸದ ಸೂಕ್ಷ್ಮತೆಯು ತಗಡಿನವನ ಕಣ್ಣಳತೆಗೆ ಎಟಕುವಷ್ಟೇ ಇತ್ತು. ಒತ್ತಿ ನೂಕಿದ ಪೆಟ್ರೋಲಿನಲ್ಲಿ ಕಣ್ಣಳತೆಗೆ ಸ್ಥಾನವಿಲ್ಲ. ಅಜ್ಜಂದಿರ ಸಾಹಸವನ್ನು ಗೌರವಿಸುವವರು ಅವರ ವಿವೇಕವನ್ನೂ ಗೌರವಿಸತಕ್ಕದ್ದು.

ಇನ್ನೊಂದು ಸಂಗತಿ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರ ಪ್ರಮಾಣದ ಎಥನಾಲು ಬೆರೆತುಬರತೊಡಗಿತು. ಎಥನಾಲು ಹಲವು ಬಗೆಯ ಸಾಮಾನ್ಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನು ಹೀರುವ ಗುಣವೂ ಅದಕ್ಕುಂಟು. ಆಷಾಢ ಶ್ರಾವಣಗಳಲ್ಲಿ ಗೋಡೆಯೇ ಬೆವರುವ ನಮ್ಮ ಸೀಮೆಯಲ್ಲಿ, ಉಪ್ಪುಗಾಳಿಯು ಕಬ್ಬಿಣವನ್ನು ತಿನ್ನುವ ಈ ಕಡಲ ಕರೆಯಲ್ಲಿ, ಗುಜರಿಯಲ್ಲಿ ಸಿಕ್ಕಿದ ರಬ್ಬರಿನ ತುಂಡನ್ನು ಪೊರೆಯಾಗಿ ಕತ್ತರಿಸಿ ಹಾಕುವುದು ಸಾಹಸವಲ್ಲ, ಅವಿಚಾರ. ಎಥನಾಲಿಗೆ ಜಗ್ಗದ ಫ್ಲೋರೋ ರಬ್ಬರನ್ನು ಕಾರ್ಖಾನೆಯವರು ಉಪಯೋಗಿಸುವುದು ಶೋಕಿಗಾಗಿ ಅಲ್ಲ.

ಹಾಗಾದರೆ ಕೊಂಡುದೆಲ್ಲ ಒಳ್ಳೆಯದೇ? ಅದೂ ಅಲ್ಲ. ಹೆಸರಿಲ್ಲದ, ಬಿಲ್ಲಿಲ್ಲದ, ಹೊಳೆಯುವ ಬಣ್ಣ ಬಳಿದ ಅಗ್ಗದ ಕಿಟ್ಟುಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಅವುಗಳ ಗೇಜು ಒಂದು ಹೇಳಿದರೆ ಒಳಗಿನ ಒತ್ತಡವು ಇನ್ನೊಂದಾಗಿರುವುದುಂಟು. ಕಾರ್ಬ್ಯುರೇಟರಿನ ಗಾಡಿಗೆ ಸಾಲುವ ಹೋಸನ್ನೇ ಇಂಜೆಕ್ಷನ್ನಿನ ಕಿಟ್ಟಿನಲ್ಲಿ ಸುತ್ತಿ ಮಾರುವವರೂ ಇಲ್ಲದಿಲ್ಲ. ಹಳೆಯ ಅಂಬಾಸಿಡರಿನಲ್ಲಿಯೂ 1983ರಲ್ಲಿ ಹೊರಬಂದ ಮಾರುತಿ 800ರಲ್ಲಿಯೂ ಇಂಧನದ ಒತ್ತಡವು ಒಂದು ಬಾರಿನ ಮೂರನೆಯ ಒಂದು ಪಾಲನ್ನು ಮೀರುವುದು ಅಪೂರ್ವ; ಅಲ್ಲಿಗೆ ತಕ್ಕ ಹೋಸು ಇಲ್ಲಿಗೆ ತಕ್ಕುದಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯು ಮಾಡುವವನಿಗೂ ಕೊಳ್ಳುವವನಿಗೂ ಸಮನಾಗಿ ಅನ್ವಯಿಸುತ್ತದೆ. ಇಲ್ಲಿ ಹೋಗುವುದು ಮಾನವೊಂದೇ ಅಲ್ಲ, ಪ್ರಾಣ.

ಆದ ಕಾರಣ ನಮ್ಮ ಅಭಿಪ್ರಾಯವಿದು. ರೆಗ್ಯುಲೇಟರಿನ ಒಡಲು, ಪೊರೆ, ಸ್ಪ್ರಿಂಗು, ವಾಲ್ವುಗಳನ್ನೂ ಇಂಜೆಕ್ಷನ್ನಿಗೆ ತಕ್ಕ ಹೋಸನ್ನೂ ಹೆಸರುವಾಸಿಯಾದ ತಯಾರಕರಿಂದ ಬಿಲ್ಲು ಪಡೆದೇ ಕೊಳ್ಳಬೇಕು. ಅದನ್ನು ನಿಲ್ಲಿಸುವ ಬ್ರಾಕೆಟ್ಟನ್ನು ಮಾಡುವುದು, ಹೋಸನ್ನು ಬಿಸಿಯಿಂದಲೂ ಉಜ್ಜುವಿಕೆಯಿಂದಲೂ ದೂರವಾಗಿ ಹಾಯಿಸುವುದು, ಒಳ್ಳೆಯ ಗೇಜಿನಿಂದ ಒತ್ತಡವನ್ನು ನೋಡಿ ಹೊಂದಿಸುವುದು, ತಿಂಗಳಿಗೊಮ್ಮೆ ಸಣ್ಣ ನಳಿಗೆಯನ್ನು ಕಳಚಿ ಪೆಟ್ರೋಲಿನ ಪಸೆಯಿದೆಯೇ ಎಂದು ಪರೀಕ್ಷಿಸುವುದು, ಇವೆಲ್ಲವೂ ಊರ ಮೆಕ್ಯಾನಿಕನ ಕೈಗೆ ಸೇರಿದುವು. ಇವನ್ನು ಬೇರೊಬ್ಬರಿಗೆ ಬಿಡಬೇಕಾದುದಿಲ್ಲ. ಇತ್ತೀಚಿನ ಅನೇಕ ಗಾಡಿಗಳಲ್ಲಿ ರೆಗ್ಯುಲೇಟರು ಟಾಂಕಿಯೊಳಗಿನ ಪಂಪಿನೊಡನೆಯೇ ಸೇರಿಕೊಂಡಿರುತ್ತದೆ; ಅವುಗಳಿಗೆ ಹೊರಗಿನಿಂದ ಕಿಟ್ಟು ಕಟ್ಟುವ ಯೋಚನೆಯನ್ನೇ ಬಿಡುವುದು ಕ್ಷೇಮ. ಸಾವಿರ ಬಾರನ್ನು ಮೀರುವ ಒತ್ತಡದ ಹೊಸ ಡೀಸೆಲ್ ಗಾಡಿಗಳ ತಂಟೆಗಂತೂ ಮನೆಯ ಅಂಗಳದಲ್ಲಿ ಯಾರೂ ಹೋಗಕೂಡದು. ಆ ಧಾರೆಯು ಚರ್ಮವನ್ನೇ ಭೇದಿಸಬಲ್ಲುದು. ತಯಾರಕರು ನಿಗದಿಮಾಡಿದುದಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸಿದೆಯೆಂಬುದನ್ನೂ ತರುಣರು ಮರೆಯತಕ್ಕದ್ದಲ್ಲ.

ಹೀಗೆಂದ ಮಾತ್ರಕ್ಕೆ ನಾವು ಸ್ವದೇಶಿಗೆ ಬೆನ್ನು ತಿರುಗಿಸಿದೆವೆಂದು ಯಾರೂ ತಿಳಿಯಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ನಮ್ಮವರು ಆ ಹಂಚನ್ನು ಕೊಂಡರು, ಅದರ ವಿದ್ಯೆಯನ್ನು ಕಲಿತರು, ಬಳಿಕ ತಾವೇ ಕಾರ್ಖಾನೆಗಳನ್ನು ಕಟ್ಟಿದರು. ಕುಂದಾಪುರದ ಹೊಳೆಯ ದಂಡೆಗೂ ಆ ವಿದ್ಯೆ ಬಂದಿತು. 1925ರಲ್ಲಿ ಉಡುಪಿಯಲ್ಲಿ ಬ್ಯಾಂಕನ್ನು ಸ್ಥಾಪಿಸಿದ ಮೂವರಲ್ಲಿ ಒಬ್ಬರಾದ ಇಂಜಿನಿಯರು ವಾಮನ ಕುಡ್ವರು, ಮಹಾಯುದ್ಧದ ದಿನಗಳಲ್ಲಿ ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸನ್ನು ತೆರೆದರು. ಮೋಟಾರು ಗಾಡಿಗಳ ಸ್ಪ್ರಿಂಗು ಜಿಲ್ಲೆಯಲ್ಲಿಯೇ ತಯಾರಾಗುವಂತಾಯಿತು. ಇವು ಒಬ್ಬನ ಅಂಗಳದಲ್ಲಿ ಒಂದು ಸಂಜೆಗೆ ಮುಗಿಯತಕ್ಕ ಕೆಲಸಗಳಾಗಿರಲಿಲ್ಲ. ಅಚ್ಚು, ಕುಲುಮೆ, ಅಳತೆ, ಪರೀಕ್ಷೆಗಳಿಂದ ನಿಂತ ಉದ್ಯಮಗಳು. ನೂರನೆಯ ಹಂಚು ಮೊದಲನೆಯ ಹಂಚಿನಂತೆಯೇ ಇರುವುದರಿಂದ ಅದು ಹಂಚಿನ ಕಾರ್ಖಾನೆ. ಅಳೆಯಲಾರದ ಕೈಯ ಕೆಲಸವನ್ನು ಸ್ವದೇಶಿಯೆಂದು ಕರೆಯುವುದು ಆ ಪದಕ್ಕೇ ಮಾಡುವ ಅಪಚಾರವಾದೀತು.

ನಮ್ಮ ಸೀಮೆಗೆ ಕೊರತೆಯಾಗಿರುವುದು ಕೈಯಲ್ಲ, ಅಳತೆಗೋಲು. 2018ರಲ್ಲಿ ಕುಂದಾಪುರದಿಂದ ಬೈಂದೂರೂ ಉಡುಪಿಯಿಂದ ಬ್ರಹ್ಮಾವರವೂ ಬೇರ್ಪಟ್ಟು ತಾಲೂಕುಗಳಾದುವು. ಕಚೇರಿಗಳೂ ಫಲಕಗಳೂ ಬಂದುವು. ಈ ಮೂರು ತಾಲೂಕುಗಳ ಮಧ್ಯದಲ್ಲಿ ಒಂದು ಸಾರ್ವಜನಿಕ ಪರೀಕ್ಷಾಪೀಠವು ಯಾವುದಾದರೂ ಕೈಗಾರಿಕಾ ಶಾಲೆಯ ಆಶ್ರಯದಲ್ಲಿ ಏಳಲಿ. ನಂಬಿಕೆಗೆ ತಕ್ಕ ಒತ್ತಡದ ಮಾಪಕ, ಬೆಂಕಿ ಹತ್ತದಂಥ ಪರೀಕ್ಷೆಯ ದ್ರವ, ತಿಳಿದ ಒಬ್ಬ ಉಪಾಧ್ಯಾಯ, ಇಷ್ಟಿದ್ದರೆ ಸಾಕು. ಊರ ಮೆಕ್ಯಾನಿಕನು ಕೊಂಡ ರೆಗ್ಯುಲೇಟರನ್ನು ತಂದು ಅದರ ನಿಜವನ್ನು ಅರಿಯಲಿ. ಮಾಡುವ ಹಂಬಲವುಳ್ಳ ಹುಡುಗನು ತಾನು ಮಾಡಿದುದನ್ನು ತಂದು ಅದರ ಸೋಲನ್ನು ಕಲಿಯಲಿ. ಹತ್ತು ಬಾರಿ ಪೀಠದ ಮೇಲೆ ಸೋತ ವಸ್ತುವು ಹನ್ನೊಂದನೆಯ ಬಾರಿ ಗೆದ್ದರೆ, ಪುಣೆಯಲ್ಲಿರುವ ಮೋಟಾರು ಪರೀಕ್ಷಾ ಸಂಸ್ಥೆಯ ಬಾಗಿಲಿಗೆ ಅದನ್ನು ಒಯ್ಯಬಹುದು. ಸರಕಾರದವರೂ ಸಹಕಾರಿ ಸಂಘಗಳವರೂ ಗ್ಯಾರೇಜಿನ ಒಡೆಯರೂ ಈ ವಿಷಯದಲ್ಲಿ ಲಕ್ಷ್ಯವಿಡಬೇಕಾಗಿ ವಿಜ್ಞಾಪಿಸುತ್ತೇವೆ. ಅಲ್ಲಿಯ ವರೆಗೆ ನಮ್ಮ ತರುಣರು ರೆಗ್ಯುಲೇಟರನ್ನು ಕೊಂಡು, ಅದನ್ನು ತಾವೇ ಅರಿತು ಕೂಡಿಸಲಿ. ಇಂದು ತಿಳಿದು ಕೊಳ್ಳುವವನೇ ನಾಳೆ ತಿಳಿದು ಮಾಡುವವನಾಗುವನು.