ಹೊರಗೆ ಕನ್ನಡ ಬೋರ್ಡು, ಒಳಗೆ ಇಂಗ್ಲಿಷ್ ಕರೆಂಟು!

ಕನ್ನಡದ ತರುಣರೇ, ಬೋರ್ಡಿನಲ್ಲಿ ಶೇ. 60 ಕನ್ನಡ ಇರಲೇಬೇಕೆಂದು 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಬೀದಿಗಿಳಿದಿರಿ. ಪೊಲೀಸ್ ವ್ಯಾನು ಹತ್ತಿದಿರಿ. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಶಹಬ್ಬಾಸ್! ಈಗ ಅದೇ ಬೋರ್ಡಿನ ಕೆಳಗೆ ಬಾಗಿಲು ತಳ್ಳಿ ಒಳಗೆ ಹೋಗಿ. ಕರೆಂಟಿನ ಪ್ಯಾನೆಲ್, ಯುಪಿಎಸ್, ಏಸಿ ಮೇಲಿನ ಎಚ್ಚರಿಕೆ ಯಾವ ಭಾಷೆಯಲ್ಲಿದೆ? ಇಂಗ್ಲಿಷ್! ಆ ಪ್ಯಾನೆಲನ್ನು ಕಿತ್ತುಹಾಕಲು ಬರುವ ಆಳು ಯಾರು? ಕನ್ನಡಿಗ!

ನಿಮ್ಮಲ್ಲಿ ಎಷ್ಟೋ ಜನ ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಬಸ್ಸು ಹತ್ತಿ ನಗರ ಸೇರಿದವರು. ನಿಮ್ಮ ಊರಿನ ಪೇಟೆಯಲ್ಲಿ ಈಗ ಏನು ನಡೆಯುತ್ತಿದೆ, ಗಮನಿಸಿ. ಹಳೆಯ ಕಚೇರಿಗಳ ಒಳಗನ್ನೆಲ್ಲ ಕಿತ್ತು ಹೊಸದು ಮಾಡುತ್ತಾರೆ. ಕನ್ನಡ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳ ಗತಿಯನ್ನು ನೀವೇ ಕಂಡಿದ್ದೀರಿ. 2017ರಲ್ಲಿ ಮೈಸೂರು ಬ್ಯಾಂಕು ಹೋಯಿತು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ವಿಲೀನವಾಯಿತು. ಎರಡು ಶಾಖೆ ಒಂದಾದರೆ ಒಂದರ ಕೌಂಟರು, ಕ್ಯಾಬಿನ್ನು, ಫಾಲ್ಸ್ ಸೀಲಿಂಗು, ವೈರು ಎಲ್ಲವನ್ನೂ ಕೀಳಬೇಕು. ದಿಲ್ಲಿಯಲ್ಲಿ ಸಹಿ ಹಾಕಿದವರು ಕೀಳುವುದಿಲ್ಲ. ನಮ್ಮ ಬಡಗಿ, ನಮ್ಮ ಗೌಂಡಿ, ನಮ್ಮ ವೈರ್‌ಮನ್ ಕೀಳುತ್ತಾರೆ.

ಹೇಗೆ ಕೀಳುತ್ತಾರೆ? ಕಾಲಲ್ಲಿ ಹವಾಯಿ ಚಪ್ಪಲಿ, ಮೂಗಿಗೆ ಟವೆಲು, ಕೈಯಲ್ಲಿ ಸುತ್ತಿಗೆ. "ಭಾನುವಾರ ಶುರು ಮಾಡಿ, ಸೋಮವಾರ ಬೆಳಗ್ಗೆ ಖಾಲಿಯಾಗಿರಬೇಕು!" ಎಂಬ ಕಂಟ್ರಾಕ್ಟರನ ಗದರಿಕೆ. ಇದೇ ನಮ್ಮ ಸುರಕ್ಷತೆ!

ಮೇನ್ ತೆಗೆದರೆ ಸಾಕೇ?

ಸಾಲದು! ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಮಲೆನಾಡಿನಲ್ಲಿ ಯುಪಿಎಸ್, ಇನ್ವರ್ಟರ್, ಜನರೇಟರ್ ಇಲ್ಲದ ಕಚೇರಿ ಸಿಗುವುದು ಕಷ್ಟ. ಮೇನ್ ಸ್ವಿಚ್ ಕೆಳಗಿಳಿಸಿದರೂ ಬ್ಯಾಟರಿಯಿಂದ ಹೊರಟ ವೈರಿನಲ್ಲಿ ಜೀವ ಇರುತ್ತದೆ. ಪ್ಲೈವುಡ್ಡಿನ ಹಿಂದೆ ಅಡಗಿದ ಆ ವೈರಿಗೆ ಕಟರ್ ತಗುಲಿದರೆ ಕೂಲಿಯವನ ಕಥೆ ಮುಗಿಯಿತು. ಮೊದಲು ಮೇನ್, ಆಮೇಲೆ ಯುಪಿಎಸ್ ಮತ್ತು ಬ್ಯಾಟರಿ, ಆಮೇಲೆ ಜನರೇಟರ್ ಲೈನು, ಎಲ್ಲವನ್ನೂ ಬಲ್ಲ ಎಲೆಕ್ಟ್ರಿಷಿಯನ್ ಬಿಡಿಸಬೇಕು. ಟೆಸ್ಟರ್ ಇಟ್ಟು ನೋಡಬೇಕು. ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈಯನ್ನು ಮೇಸ್ತ್ರಿ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಸುತ್ತಿಗೆ!

ಕೀಳುವುದು ಮೇಲಿನಿಂದ ಕೆಳಕ್ಕೆ. ಫಾಲ್ಸ್ ಸೀಲಿಂಗ್ ಮೇಲಿರುವಾಗ ಅದರಡಿಯ ಕ್ಯಾಬಿನ್ ಒಡೆದರೆ ಎಲ್ಲವೂ ತಲೆಯ ಮೇಲೆ. ಈ ಸೀಮೆಯ ತೇವಕ್ಕೆ ತಂತಿ, ಮೊಳೆ ತುಕ್ಕು ಹಿಡಿದಿರುತ್ತವೆ, ರೀಪು ಗೆದ್ದಲು ತಿಂದಿರುತ್ತದೆ. ಹಳೆಯ ಚಿರೇಕಲ್ಲಿನ ಕಟ್ಟಡದಲ್ಲಿ ಬರೀ ಅಡ್ಡಗೋಡೆ ಅಂದುಕೊಂಡದ್ದೇ ಮಾಳಿಗೆಯ ಭಾರ ಹೊತ್ತಿರಬಹುದು. ಎಂಜಿನಿಯರ್ ನೋಡದೆ ಅದಕ್ಕೆ ಹಾರೆ ಹಾಕಕೂಡದು.

ಸಿಮೆಂಟ್ ಶೀಟು ಸಿಕ್ಕಿತೋ, ಒಡೆಯಬೇಡಿ! ಅದರಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಅದರ ಪುಡಿ ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ರೋಗ ಕಾಣುವುದು ಹತ್ತಾರು ವರ್ಷದ ಮೇಲೆ. ಆಗ ಕಂಟ್ರಾಕ್ಟರನೂ ಇಲ್ಲ, ಬಿಲ್ಲೂ ಇಲ್ಲ. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು. ಮೂಗಿಗೆ ಟವೆಲು ಸಾಲದು, ಸರಿಯಾದ ಮಾಸ್ಕ್ ಬೇಕು.

ಕಿತ್ತ ಕಸವನ್ನು ಮೆಟ್ಟಿಲ ಮೇಲೆ ರಾಶಿ ಹಾಕಬೇಡಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ ಹೊಗೆ ತುಂಬಿ 9 ಜನ ಸತ್ತರು. ಹೊರಬರುವ ದಾರಿ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕೇ?

ಕಾನೂನು ಇಲ್ಲವೇ? ಇದೆ!

250 ವೋಲ್ಟ್ ಮೀರಿದ ಕಡೆ ತಲೆಬುರುಡೆಯ ಚಿತ್ರದೊಂದಿಗೆ ಹಿಂದಿ ಅಥವಾ ಇಂಗ್ಲಿಷಿನಲ್ಲಿ, ಅದರ ಜೊತೆಗೆ ಜಿಲ್ಲೆಯ ಭಾಷೆಯಲ್ಲಿ ಅಪಾಯದ ಫಲಕ ಹಾಕಬೇಕೆಂದು ವಿದ್ಯುತ್ ಸುರಕ್ಷತೆಯ ಕೇಂದ್ರ ನಿಯಮವೇ ಹೇಳುತ್ತದೆ. ಮೂರು ಫೇಸಿನ ಪ್ಯಾನೆಲ್ ಎಂದರೆ 415 ವೋಲ್ಟ್. ಉತ್ತರ ಕನ್ನಡ ಜಿಲ್ಲೆಯ ಭಾಷೆ ಯಾವುದು ಸ್ವಾಮಿ? ಜಿಲ್ಲೆಯ ಹೆಸರಿನಲ್ಲೇ ಇದೆಯಲ್ಲ! ಕಟ್ಟಡ ಕೆಡಹುವ ಸುರಕ್ಷತೆಗೆಂದೇ 1991ರ ಐಎಸ್ 4130 ಎಂಬ ಸಂಹಿತೆ ಇದೆ. ಅದನ್ನು ಕನ್ನಡದಲ್ಲಿ ಬಡಗಿಯ ಕೈಗೆ ಕೊಟ್ಟ ಅಧಿಕಾರಿ ಎಲ್ಲಿದ್ದಾನೆ?

ಕೆಡಹುವ ಕೆಲಸವನ್ನೂ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಒಪ್ಪಿಕೊಂಡಿತ್ತು. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯೂ ಒಪ್ಪುತ್ತದೆ. ಆದರೆ ಹತ್ತು ಆಳಿಗಿಂತ ಕಡಿಮೆ ಇದ್ದರೆ ಅನ್ವಯಿಸದು! ನಮ್ಮ ಪೇಟೆಯ ಕಚೇರಿ ಕೀಳಲು ಬರುವುದು ನಾಲ್ಕೈದು ಜನ. ಕಾನೂನಿನ ಕಣ್ಣಿಗೆ ಅವರು ಮನುಷ್ಯರೇ ಅಲ್ಲ. ಕಾನೂನು ಕೈಬಿಟ್ಟ ಕಡೆ ಕೆಲಸ ಕೊಟ್ಟವನ ಕೊರಳಪಟ್ಟಿ ಹಿಡಿಯಬೇಕು. ಬ್ಯಾಂಕು, ಸೊಸೈಟಿ, ಸರಕಾರಿ ಕಚೇರಿ ಯಾವುದೇ ಇರಲಿ, ಟೆಂಡರಿನಲ್ಲೇ ಈ ಷರತ್ತು ಬರೆಯಲಿ.

ಯಾಕಿಷ್ಟು ಗಟ್ಟಿಯಾಗಿ ಕೂಗುತ್ತಿದ್ದೇವೆ? ಶಿರಸಿಯಲ್ಲಿ ತಲೆ ಒಡೆದವನನ್ನು ಹುಬ್ಬಳ್ಳಿಯ ಕಿಮ್ಸ್‌ಗೆ ಒಯ್ಯಬೇಕಾದರೆ ಸುಮಾರು 100 ಕಿಲೋಮೀಟರ್. ಯಲ್ಲಾಪುರದಿಂದ ಸುಮಾರು 70. ಸಿದ್ದಾಪುರದವನು ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಓಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಜಿಲ್ಲೆಯ ಜನ 2019ರಲ್ಲಿ, ಮತ್ತೆ 2022ರಲ್ಲಿ ಕೂಗಿದರು. ಬೆಂಗಳೂರಿನಲ್ಲಿ ಬಿದ್ದವನಿಗೆ ಆಂಬುಲೆನ್ಸ್ ಇದೆ. ನಮ್ಮವನಿಗೆ ಘಟ್ಟದ ತಿರುವುಗಳಿವೆ!

ನಮ್ಮ ಹಕ್ಕೊತ್ತಾಯ

ಒಂದು: ಕೆಲಸಕ್ಕೆ ಮೊದಲು ಕರೆಂಟು ಕಡಿದ ವಿವರ, ಕೀಳುವ ಕ್ರಮ, ಅಪಾಯದ ಜಾಗ, ಇವನ್ನು ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಬೇಕು. ಓದಲು ಬಾರದವರಿಗೆ ಮೇಸ್ತ್ರಿ ಓದಿ ಹೇಳಬೇಕು. ಹೊರ ರಾಜ್ಯದ ಕೂಲಿ ಇದ್ದರೆ ಅವನಿಗೆ ಅವನ ಭಾಷೆಯಲ್ಲೂ ಹೇಳಿ, ಜೀವ ಎಲ್ಲರದೂ ಜೀವವೇ.

ಎರಡು: ಹೆಲ್ಮೆಟ್, ಬೂಟು, ಕೈಗವಸು, ಮಾಸ್ಕ್‌ಗಳ ಖರ್ಚು ಕೂಲಿಯಿಂದ ಮುರಿಯಕೂಡದು.

ಮೂರು: ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿದ ಪ್ರತಿಯೊಬ್ಬನೂ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕು. ಅರ್ಜಿ ತುಂಬಿಸುವ ಕೆಲಸ ನಿಮ್ಮದು, ತರುಣರೇ!

ಊರಿಗೆ ಹೋದಾಗ ಬೋರ್ಡು ನೋಡಿ ಹೆಮ್ಮೆಪಟ್ಟು ವಾಪಸು ಬರಬೇಡಿ. ಒಳಗೆ ಸುತ್ತಿಗೆ ಸದ್ದು ಕೇಳಿದರೆ ಬಾಗಿಲು ತಳ್ಳಿ. "ಮೇನ್ ತೆಗೆದಿದ್ದೀರಾ? ಬ್ಯಾಟರಿ ಬಿಡಿಸಿದ್ದೀರಾ? ಎಚ್ಚರಿಕೆ ಕನ್ನಡದಲ್ಲಿ ಎಲ್ಲಿದೆ?" ಎಂದು ಕೇಳಿ. ಕನ್ನಡ ಉಳಿಯಬೇಕಾದರೆ ಮೊದಲು ಕನ್ನಡಿಗ ಉಳಿಯಬೇಕು!