ಹೇಳಿದರೆ ಸಾಲದು, ಹತ್ತಿರ ನಿಲ್ಲಬೇಕು

1902ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಮೂರು ಉಪನ್ಯಾಸ ನೀಡಿದರು. ಅವರು ವಿವರಿಸಿದ ಮಕ್ಕಳಲ್ಲಿ ಬುದ್ಧಿಯ ಕೊರತೆ ಇರಲಿಲ್ಲ. ಆದರೆ ಒಂದು ಕೆಲಸದಲ್ಲಿ ಮನಸ್ಸು ನಿಲ್ಲದು, ಕೈಕಾಲು ಸುಮ್ಮನಿರದು, ಶಿಕ್ಷೆ ಕೊಟ್ಟರೂ ಕೆಲವೇ ಗಂಟೆಗಳಲ್ಲಿ ಮತ್ತೆ ಅದೇ ತಪ್ಪು. ಒಳ್ಳೆಯ ಪಾಲನೆ ಇರುವ ಮನೆಗಳಲ್ಲೂ ಇಂಥ ಮಕ್ಕಳಿದ್ದಾರೆ ಎಂಬುದನ್ನು ಸ್ಟಿಲ್ ಗಮನಿಸಿದ್ದರು. ಆದರೂ ಆ ಸ್ಥಿತಿಗೆ ಅವರು ಕೊಟ್ಟ ಹೆಸರು ನೈತಿಕ ನಿಯಂತ್ರಣದ ದೋಷ ಎಂದು.

ಅಲ್ಲಿಂದೀಚೆಗೆ ನೂರಿಪ್ಪತ್ತು ವರ್ಷಗಳೇ ಕಳೆದಿವೆ. ನಮ್ಮ ಯಾವುದೇ ಶಾಲೆಯ ಪೋಷಕರ ಸಭೆಯಲ್ಲಿ ಕೂತರೂ ಅದೇ ತೀರ್ಪು ಬೇರೆ ಮಾತುಗಳಲ್ಲಿ ಕಿವಿಗೆ ಬೀಳುತ್ತದೆ. ‘ಬುದ್ಧಿ ಇದೆ ಮೇಡಂ, ಉಪಯೋಗಿಸಲ್ಲ ಅಷ್ಟೆ.’ ‘ಮನೇಲಿ ಸ್ವಲ್ಪ ಸ್ಟ್ರಿಕ್ಟ್ ಆಗಿರಿ.’ ‘ಮುದ್ದು ಜಾಸ್ತಿ ಆಯ್ತು.’ ತಾಯಿ ತಲೆ ತಗ್ಗಿಸಿ ಹೊರಗೆ ಬರುತ್ತಾಳೆ. ಮನೆಗೆ ಬಂದ ಮೇಲೆ ಮಗುವಿಗೆ ಬೈಗುಳವೋ ಏಟೋ ಬೀಳುತ್ತದೆ. ಮರುದಿನ ಪೆನ್ಸಿಲ್ ಮತ್ತೆ ಕಳೆದಿರುತ್ತದೆ, ಹೋಂವರ್ಕ್ ಮತ್ತೆ ಅರ್ಧಕ್ಕೇ ನಿಂತಿರುತ್ತದೆ.

ಇಂಥ ಮಕ್ಕಳಲ್ಲಿ ಇರಬಹುದಾದ ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಜಗತ್ತಿನ ಹಲವೆಡೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ 5ರಷ್ಟು ಮಂದಿಗೆ ಇದು ಇರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರೆಂದು ಇಟ್ಟುಕೊಳ್ಳಿ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ತಂಡವೊಂದು ಮಕ್ಕಳ ಮಿದುಳನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡಿ ಹೋಲಿಸಿತು. ಮಿದುಳಿನ ಹೊರಪದರ ಅತಿ ಹೆಚ್ಚು ದಪ್ಪವಾಗುವ ಘಟ್ಟ ಇತರ ಮಕ್ಕಳಲ್ಲಿ ಏಳೂವರೆ ವರ್ಷದ ಹೊತ್ತಿಗೆ ಬಂದರೆ, ಎಡಿಎಚ್‌ಡಿ ಇರುವವರಲ್ಲಿ ಹತ್ತೂವರೆಗೆ ಬಂದಿತ್ತು. ಯೋಚಿಸಿ ಹೆಜ್ಜೆ ಇಡುವುದು, ಕಾಯುವುದು, ಹೇಳಿದ್ದನ್ನು ನೆನಪಿನಲ್ಲಿ ಹಿಡಿದುಕೊಳ್ಳುವುದು, ಇವನ್ನೆಲ್ಲ ನೋಡಿಕೊಳ್ಳುವ ಮುಂಭಾಗದಲ್ಲೇ ಈ ವಿಳಂಬ ಎದ್ದು ಕಂಡಿತು. ಹತ್ತು ವರ್ಷದ ಹುಡುಗನಿಂದ ಹತ್ತು ವರ್ಷದವನ ಸಂಯಮವನ್ನೇ ನಿರೀಕ್ಷಿಸುತ್ತೇವೆ, ಆದರೆ ಆ ವಿಷಯದಲ್ಲಿ ಅವನಿನ್ನೂ ಏಳರ ಆಸುಪಾಸಿನಲ್ಲಿರಬಹುದು.

‘ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲುಗಾಡದೆ ಕೂರ್ತಾನಲ್ಲ, ಅದು ಹೇಗೆ?’ ಎಂದು ಎಲ್ಲ ತಂದೆ ತಾಯಿಯರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಟದಲ್ಲಿ ಕ್ಷಣಕ್ಕೊಂದು ಫಲ ಸಿಗುತ್ತದೆ, ಲೆಕ್ಕದ ಪುಸ್ತಕದ ಫಲ ಪರೀಕ್ಷೆ ಬಂದಾಗಲೇ. ಈ ಮಕ್ಕಳ ಗಮನ ತಕ್ಷಣದ ಫಲದ ಕಡೆಗೆ ಓಡುತ್ತದೆ, ದೂರದ ಫಲ ಅದನ್ನು ಹಿಡಿದು ನಿಲ್ಲಿಸಲಾರದು. ಮಾಡಬೇಕಾದ್ದು ಏನೆಂದು ಮಗುವಿಗೆ ಗೊತ್ತು. ಆ ಹೊತ್ತಿಗೆ ಅದನ್ನು ಮಾಡಲು ಆಗುವುದಿಲ್ಲ. ಹೀಗಾಗಿ ನಮ್ಮ ನೆರವು ಕೆಲಸ ನಡೆಯುವ ಜಾಗದಲ್ಲಿ, ಕೆಲಸ ನಡೆಯುವ ಹೊತ್ತಿನಲ್ಲೇ ಸಿಗಬೇಕು. ರಾತ್ರಿ ಊಟದ ಹೊತ್ತಿನ ಉಪದೇಶದಿಂದಾಗಲಿ, ತಿಂಗಳ ಕೊನೆಯ ಶಿಕ್ಷೆಯಿಂದಾಗಲಿ ಹೆಚ್ಚು ಪ್ರಯೋಜನವಿಲ್ಲ.

ಸಂಜೆಯ ಹೋಂವರ್ಕನ್ನೇ ನೋಡಿ. ಹತ್ತು ಲೆಕ್ಕಗಳಿವೆ. ‘ಹೋಗಿ ಬರೀ’ ಎಂದು ಅಡುಗೆಮನೆಯಿಂದ ಕೂಗಿದರೆ ಮಗು ಪುಸ್ತಕ ತೆರೆಯುತ್ತದೆ, ಎರಡನೇ ಲೆಕ್ಕದ ಹೊತ್ತಿಗೆ ರಬ್ಬರಿನ ಮೇಲೆ ಚಿತ್ರ ಕೊರೆಯುತ್ತಿರುತ್ತದೆ. ಅದೇ ಮಗುವನ್ನು ಅಡುಗೆಮನೆಯ ಬಾಗಿಲ ಬಳಿಯೇ ಕೂರಿಸಿ, ಟಿವಿ ಆರಿಸಿ, ಮೇಲಿನ ಮೂರು ಲೆಕ್ಕ ಮಾತ್ರ ಕಾಣುವಂತೆ ಉಳಿದದ್ದಕ್ಕೆ ಕಾಗದ ಮುಚ್ಚಿ. ಮೂರು ಮುಗಿದ ಕೂಡಲೇ ನೋಡಿ, ‘ಸಾಲು ಬಿಡದೆ ಬರೆದಿದ್ದೀಯ’ ಎಂದು ಏನು ಸರಿಯಾಯಿತೋ ಅದನ್ನೇ ಹೆಸರಿಸಿ ಹೇಳಿ. ಎದ್ದು ನೀರು ಕುಡಿದು ಬರಲಿ, ಆಮೇಲೆ ಮುಂದಿನ ಮೂರು. ನಿಂತುಕೊಂಡು ಬರೆಯುತ್ತೇನೆ ಅಂದರೆ ನಿಂತೇ ಬರೆಯಲಿ. ಅಕ್ಷರ ದುಂಡಗಾಗುವವರೆಗೆ ಮತ್ತೆ ಮತ್ತೆ ಅಳಿಸಿ ಬರೆಸುವುದು ಬೇಡ, ಲೆಕ್ಕ ಬಂತೋ ಇಲ್ಲವೋ ಅಷ್ಟು ಸಾಕು.

ಬೆಳಗಿನ ಗಲಿಬಿಲಿಗೂ ಇದೇ ದಾರಿ. ‘ಹಲ್ಲುಜ್ಜಿ, ಸ್ನಾನ ಮಾಡಿ, ಯೂನಿಫಾರಂ ಹಾಕಿ, ಬ್ಯಾಗ್ ತಗೋ’ ಎಂದು ಒಂದೇ ಉಸಿರಿಗೆ ಹೇಳಿದರೆ ಮೊದಲನೆಯದೋ ಕೊನೆಯದೋ ಮಾತ್ರ ತಲೆಯಲ್ಲಿ ಉಳಿಯುತ್ತದೆ. ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟು, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಉಳಿದದ್ದನ್ನು ಚಿತ್ರ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿ. ಬ್ಯಾಗನ್ನು ಹಿಂದಿನ ರಾತ್ರಿಯೇ ತುಂಬಿ, ಚಪ್ಪಲಿ ಬಿಡುವ ಜಾಗದಲ್ಲಿಡಿ. ನಿದ್ದೆಯ ಹೊತ್ತು ಏರುಪೇರಾಗದಿರಲಿ.

‘ಅವರಪ್ಪನೂ ಚಿಕ್ಕವನಿದ್ದಾಗ ಹಿಂಗೇ ಇದ್ದ’ ಎನ್ನುತ್ತಾರೆ ಮನೆಯ ಅಜ್ಜಿ. ಆ ಮಾತಿನಲ್ಲಿ ನಿಜವಿದೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಈ ತೊಂದರೆಯಲ್ಲಿ ಆನುವಂಶಿಕತೆಯ ಪಾಲು ಶೇ 70ಕ್ಕೂ ಹೆಚ್ಚು. ಸಿಹಿ ತಿಂದಿದ್ದರಿಂದ ಬಂತು, ತಾಯಿ ಕೆಲಸಕ್ಕೆ ಹೋಗುವುದರಿಂದ ಬಂತು ಎಂಬ ದೂರುಗಳಿಗೆ ಆಧಾರವಿಲ್ಲ. ತಂದೆಗೋ ತಾಯಿಗೋ ಅದೇ ಮರೆವು, ಅದೇ ದುಡುಕು ಇದ್ದರೆ, ಬಚ್ಚಲ ಬಾಗಿಲಿನ ಆ ಚಿತ್ರಪಟ್ಟಿ ದೊಡ್ಡವರಿಗೂ ಬೇಕಾಗುತ್ತದೆ.

ಇನ್ನು ಶಾಲೆ. ಕೊನೆಯ ಬೆಂಚಿನಿಂದ ಮೇಜಿನ ಹತ್ತಿರಕ್ಕೆ, ಕಿಟಕಿ ಬಾಗಿಲಿನಿಂದ ದೂರಕ್ಕೆ ಮಗುವನ್ನು ತರುವುದಕ್ಕೆ ಖರ್ಚೇನಿಲ್ಲ. ಬೋರ್ಡ್ ಒರೆಸು, ನೋಟ್‌ಬುಕ್ ಹಂಚು, ಸ್ಟಾಫ್ ರೂಮಿನಿಂದ ಸೀಮೆಸುಣ್ಣ ತಾ ಎಂದು ಓಡಾಟದ ಕೆಲಸ ಕೊಟ್ಟರೆ ಅಲುಗಾಡುವ ಕಾಲಿಗೆ ಗೌರವದ ದಾರಿ ಸಿಗುತ್ತದೆ. ಹೋಂವರ್ಕನ್ನು ಬಾಯಲ್ಲಿ ಹೇಳುವುದರ ಜೊತೆಗೆ ಬೋರ್ಡಿನ ಒಂದೇ ಮೂಲೆಯಲ್ಲಿ ದಿನವೂ ಬರೆಯಿರಿ. ನೋಟ್ಸ್ ಮುಗಿಸಲಿಲ್ಲವೆಂದು ಪಿ.ಟಿ. ಪೀರಿಯಡ್ ಕಿತ್ತುಕೊಳ್ಳುವುದಂತೂ ಕೂಡದು. ಓಡಾಟ ಎಲ್ಲರಿಗಿಂತ ಹೆಚ್ಚು ಬೇಕಿರುವ ಮಗುವನ್ನೇ ಆಟದಿಂದ ಹೊರಗಿಟ್ಟರೆ ಮಧ್ಯಾಹ್ನದ ತರಗತಿ ಇನ್ನಷ್ಟು ಕಷ್ಟವಾಗುತ್ತದೆ. ಏಟು, ಬೆಂಚಿನ ಮೇಲೆ ನಿಲ್ಲಿಸುವುದು, ಎಲ್ಲರೆದುರು ಹಂಗಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನಿನ ಪ್ರಕಾರ ನಿಷಿದ್ಧ.

ಮನೆ ಮತ್ತು ಶಾಲೆಯನ್ನು ಜೋಡಿಸಲು ಡೈರಿಯ ಒಂದು ಪುಟ ಸಾಕು. ಎರಡೋ ಮೂರೋ ಗುರಿ ಬರೆಯಿರಿ: ಕೈಯೆತ್ತಿ ಮಾತಾಡಿದ, ಹೋಂವರ್ಕ್ ಬರೆದುಕೊಂಡ, ಜಾಗದಲ್ಲಿ ಕೂತ. ಟೀಚರ್ ಪ್ರತಿ ಪೀರಿಯಡ್ಡಿಗೂ ಒಂದು ಗುರುತು ಹಾಕುತ್ತಾರೆ. ಇಷ್ಟು ಗುರುತು ಸಿಕ್ಕರೆ ಸಂಜೆ ಅಪ್ಪನ ಜೊತೆ ಅರ್ಧ ಗಂಟೆ ಕ್ರಿಕೆಟ್. ಬಹುಮಾನ ಅದೇ ದಿನ ಸಲ್ಲಬೇಕು, ಭಾನುವಾರದವರೆಗೆ ಕಾಯಿಸಬಾರದು. ಈ ಕ್ರಮ ಹಲವು ದೇಶಗಳ ಶಾಲೆಗಳಲ್ಲಿ ಪರೀಕ್ಷೆಗೆ ಒಳಗಾಗಿ ಫಲ ಕೊಟ್ಟಿದೆ.

ಎಲ್ಲ ತುಂಟತನವೂ ಎಡಿಎಚ್‌ಡಿ ಆಗುವುದಿಲ್ಲ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆ ಶುರುವಾಗಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ಆದ್ದರಿಂದಲೇ ಶಿಕ್ಷಕರ ಮಾತಿಲ್ಲದೆ ವೈದ್ಯರು ನಿರ್ಧಾರಕ್ಕೆ ಬರುವುದು ಕಷ್ಟ. ಕಿವಿ, ಕಣ್ಣು, ನಿದ್ದೆಯ ತೊಂದರೆಗಳನ್ನೂ ಮೊದಲೇ ನೋಡಿಸಬೇಕು. ಕಿಟಕಿಯಾಚೆ ನೋಡುತ್ತಾ ಸದ್ದಿಲ್ಲದೆ ಕೂರುವ ಹುಡುಗಿಯರಲ್ಲಿ ಗಮನದ ಕೊರತೆ ಮಾತ್ರ ಇರಬಹುದು. ಅವರು ಯಾರಿಗೂ ತೊಂದರೆ ಕೊಡುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಔಷಧಿ ಎಂದರೆ ಪೋಷಕರು ಬೆಚ್ಚುತ್ತಾರೆ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ದಶಕಗಳಿಂದ ಬಳಕೆಯಲ್ಲಿದೆ, ಬಹಳಷ್ಟು ಮಕ್ಕಳಿಗೆ ನೆರವಾಗಿದೆ. ಹಸಿವು, ನಿದ್ದೆ ಕಡಿಮೆಯಾಗಬಹುದು. ತೂಕ, ಎತ್ತರ, ರಕ್ತದೊತ್ತಡ ನೋಡುತ್ತಲೇ ಇರಬೇಕು. ಆರು ವರ್ಷದೊಳಗಿನವರಿಗೆ ಮೊದಲು ಪೋಷಕರ ತರಬೇತಿಯೇ ಚಿಕಿತ್ಸೆ. ಮಾತ್ರೆ ಗಮನವನ್ನು ನಿಲ್ಲಿಸಿಕೊಡುತ್ತದೆ, ಬ್ಯಾಗ್ ತುಂಬುವುದನ್ನು ಕಲಿಸುವುದಿಲ್ಲ. ಆ ಕೆಲಸ ನಮ್ಮದು.

ಐವತ್ತು ಮಕ್ಕಳ ತರಗತಿಯಲ್ಲಿ ಇದೆಲ್ಲ ಆಗುವ ಮಾತೇ ಎಂದು ಶಿಕ್ಷಕರು ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಒಂದರಿಂದ ಐದರವರೆಗೆ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕರು ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ, ಅದನ್ನು ಪಾಲಿಸುವ ಹೊಣೆ ಸರ್ಕಾರದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿಯ ಹೆಸರಿಲ್ಲ. ಹಲವು ಮಕ್ಕಳಲ್ಲಿ ಇವೆರಡೂ ಒಟ್ಟಿಗೇ ಇರುವುದರಿಂದ ಎರಡಕ್ಕೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಬರೀ ಎಡಿಎಚ್‌ಡಿ ಇರುವ ಮಗುವಿಗೂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಹಕ್ಕಾಗಿ ಸಿಗುವಂತೆ ಈ ಪಟ್ಟಿ ಬದಲಾಗಬೇಕು.

ನಿಮ್ಮ ಮನೆಯಲ್ಲಿ ಅಥವಾ ತರಗತಿಯಲ್ಲಿ ಇಂಥ ಮಗುವಿದ್ದರೆ ಮುಂದಿನ ಪರೀಕ್ಷೆಯ ಅಂಕ ಬರುವವರೆಗೆ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ವಾರ ಟೀಚರ್ ಮತ್ತು ಪೋಷಕರು ಹತ್ತು ನಿಮಿಷ ಒಟ್ಟಿಗೆ ಕೂತು ಡೈರಿಯ ಆ ಒಂದು ಪುಟ ಬರೆಯಿರಿ. ಬರೆಯುವಾಗ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.